ಅರ್ಧಚಂದ್ರಕ್ಕೆ ಗುಡ್ಡವೇ ಕಾವಲು

ಗೋಕರ್ಣದಿಂದ ಹೊರಟ ಟಾರು ರಸ್ತೆ ಓಂ ಬೀಚಿನ ನೆತ್ತಿಯವರೆಗೆ ಬಂದು ನಿಂತುಬಿಡುತ್ತದೆ. ಅಲ್ಲಿಂದ ಮೆಟ್ಟಿಲಿಳಿದು, ಮರಳು ದಾಟಿ, ದಕ್ಷಿಣದ ತುದಿಯಲ್ಲಿ ಮತ್ತೆ ಗುಡ್ಡ ಹತ್ತಬೇಕು. ಎಡಗಡೆ ಕುರುಚಲು ಕಾಡು, ಬಲಗಡೆ ಕಡಿದಾದ ಬಂಡೆ, ಅದರ ಬುಡದಲ್ಲಿ ಒಂದೇ ಸಮನೆ ಉಸಿರಾಡುವ ಸಮುದ್ರ. ನಡುವೆ ಒಬ್ಬರ ಹಿಂದೆ ಒಬ್ಬರು ಹೋಗುವಷ್ಟು ಅಗಲದ ಕಾಲುದಾರಿ. ಬೆವರು ಬಿಟ್ಟು ತಿರುವು ದಾಟಿದ ಮೇಲೆ ಕೆಳಗೆ ಕಾಣುತ್ತದೆ, ಎರಡು ಬಂಡೆಮೂತಿಗಳ ನಡುವೆ ಸಿಕ್ಕಿಕೊಂಡ ಒಂದು ತುಣುಕು ಮರಳು. ಅದೇ ಹಾಫ್ ಮೂನ್ ಬೀಚ್.

ಹೆಸರು ಪ್ರವಾಸಿಗರದ್ದು. ಗೋವಾದ ಗದ್ದಲ ಸಾಕಾಗಿ ದಕ್ಷಿಣಕ್ಕೆ ಇಳಿದ ವಿದೇಶಿ ಅಲೆಮಾರಿಗಳು ಗೋಕರ್ಣದ ಗುಡ್ಡಗಳಾಚೆ ಸಾಲಾಗಿ ನಾಲ್ಕು ಕೊಲ್ಲಿಗಳನ್ನು ಕಂಡುಕೊಂಡರು: ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್. ಊರಿನ ಮುಂದಿನ ಉದ್ದನೆಯ ಕಡಲತೀರಕ್ಕೂ ಇವಕ್ಕೂ ಸ್ವಭಾವದಲ್ಲೇ ವ್ಯತ್ಯಾಸ. ಊರಿನ ತೀರ ಬಯಲು. ಅಲ್ಲಿ ದೋಣಿ ಎಳೆದಿಡಬಹುದು, ಬಲೆ ಹರವಬಹುದು, ಮೀನು ಒಣಗಿಸಬಹುದು. ಒಂದು ಕಾಲದಲ್ಲಿ ಇಡೀ ಕೇರಿಯೇ ನಿಂತು ಎಳೆಯುತ್ತಿದ್ದ ರಂಪಣಿ ಬಲೆಗೆ ಅಂಥ ಉದ್ದನೆಯ ದಂಡೆಯೇ ಬೇಕಿತ್ತು. ಈ ಕೊಲ್ಲಿಗಳು ಆ ಕೆಲಸಕ್ಕೆ ಬಾರದವು. ನಾಲ್ಕರಲ್ಲೂ ಅತಿ ಚಿಕ್ಕದಾದ ಹಾಫ್ ಮೂನಿಗೆ ಇಂದಿಗೂ ರಸ್ತೆಯಿಲ್ಲ. ನಡೆಯಬೇಕು, ಇಲ್ಲವೇ ದೋಣಿಯಲ್ಲಿ ಬರಬೇಕು. ಅದು ಇಷ್ಟು ದಿನ ಉಳಿದುಕೊಂಡದ್ದರ ಗುಟ್ಟೂ ಅಲ್ಲೇ ಇದೆ.

ಇಂಥ ಕೊಲ್ಲಿ ಹೇಗೆ ಹುಟ್ಟುತ್ತದೆ ಎಂಬುದನ್ನು ತೆರೆಗಳನ್ನೇ ನೋಡಿ ತಿಳಿಯಬಹುದು. ಗುಡ್ಡದ ಮೇಲೆ ನಿಂತರೆ ದೂರದಲ್ಲಿ ನೇರ ಗೆರೆಯಂತೆ ಬರುವ ತೆರೆ, ದಂಡೆ ಹತ್ತಿರವಾದಂತೆ ಬಾಗುತ್ತದೆ. ಬಂಡೆಮೂತಿಯ ಎದುರು ನೀರಿನ ಆಳ ಬೇಗ ಕಡಿಮೆಯಾಗುವುದರಿಂದ ಅಲ್ಲಿ ತೆರೆಯ ಓಟ ಕುಗ್ಗುತ್ತದೆ. ಆಳವಿರುವ ನಡುಭಾಗ ಮುಂದೆ ಓಡುತ್ತದೆ. ಹೀಗೆ ಬಾಗಿದ ತೆರೆಯ ಹೊಡೆತವೆಲ್ಲ ಎರಡೂ ಮೂತಿಗಳ ಮೇಲೆ ಬೀಳುತ್ತದೆ. ಕೊಲ್ಲಿಯ ಒಳಗೆ ಬರುವಷ್ಟರಲ್ಲಿ ಅದೇ ಶಕ್ತಿ ಅಗಲವಾಗಿ ಹರಡಿ ತೆಳುವಾಗಿರುತ್ತದೆ. ಹೊರಗೆ ಬಂಡೆ ಏಟು ತಿನ್ನುತ್ತದೆ, ಒಳಗೆ ಮರಳು ಸುಖವಾಗಿ ಮಲಗುತ್ತದೆ. ದಂಡೆಯ ಆ ಅರ್ಧಚಂದ್ರಾಕಾರ ಬೇರೇನೂ ಅಲ್ಲ, ತೆರೆಯ ಬಾಗನ್ನು ಮರಳು ಅಚ್ಚು ತೆಗೆದುಕೊಂಡದ್ದು.

ಆ ಮರಳಿನ ಲೆಕ್ಕಾಚಾರ ಬಲು ಬಿಗಿ. ಉದ್ದನೆಯ ತೀರದಲ್ಲಿ ಮರಳು ದಂಡೆಗುಂಟ ನಡೆಯುತ್ತಿರುತ್ತದೆ. ಇಲ್ಲಿ ಹೋದದ್ದು ಅಲ್ಲಿಂದ ಬರುತ್ತದೆ. ಎರಡು ಬಂಡೆಗಳ ನಡುವೆ ಸಿಕ್ಕಿದ ಮರಳಿಗೆ ಆ ಸವಲತ್ತು ಇಲ್ಲ, ಅಥವಾ ತೀರ ಕಡಿಮೆ. ಮಳೆಗಾಲದಲ್ಲಿ ನೈಋತ್ಯದ ದೊಡ್ಡ ತೆರೆಗಳು ದಂಡೆಯನ್ನು ಕೆರೆದು ಮರಳನ್ನು ತುಸು ದೂರ, ನೀರಿನಡಿಯ ದಿಬ್ಬಕ್ಕೆ ಎಳೆದೊಯ್ಯುತ್ತವೆ. ಆಗ ನೋಡಿದರೆ ಬೀಚು ಎಂಬುದೇ ಇರುವುದಿಲ್ಲ, ಬರೀ ಕಲ್ಲುಗುಂಡು. ಮಳೆ ಹಿಂದೆ ಸರಿದ ಮೇಲೆ ಸಣ್ಣ, ಸಾವಧಾನದ ತೆರೆಗಳು ಅದೇ ಮರಳನ್ನು ಸ್ವಲ್ಪಸ್ವಲ್ಪವಾಗಿ ವಾಪಸು ತಂದು ಹಾಕುತ್ತವೆ. ಇದು ಬ್ಯಾಂಕಿನ ಖಾತೆಯಲ್ಲ, ಅಜ್ಜಿಯ ಗಂಟು: ಬಿಚ್ಚುತ್ತಾಳೆ, ಎಣಿಸುತ್ತಾಳೆ, ಮತ್ತೆ ಕಟ್ಟಿಡುತ್ತಾಳೆ. ಯಾರಾದರೂ ನಾಲ್ಕು ಬುಟ್ಟಿ ಹೊತ್ತುಕೊಂಡು ಹೋದರೆ ತುಂಬಿಕೊಡುವವರಿಲ್ಲ.

ಮರಳು ಮೊದಲಿಗೆ ಬಂದದ್ದಾದರೂ ಎಲ್ಲಿಂದ? ಈ ಕರಾವಳಿಯ ಮಟ್ಟಿಗೆ ಹೆಚ್ಚಿನದು ಘಟ್ಟದಿಂದಿಳಿದ ಹೊಳೆಗಳ ಕೊಡುಗೆ. ಜೊತೆಗೆ ಒಡೆದ ಚಿಪ್ಪಿನ ಪುಡಿ, ಸವೆದ ಬಂಡೆಯ ಚೂರು. ಉತ್ತರದ ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು. ದಕ್ಷಿಣದ ಶರಾವತಿಗೆ ಲಿಂಗನಮಕ್ಕಿ, ಅದರ ಕೆಳಗೆ ಗೇರುಸೊಪ್ಪೆ. ಅಣೆಕಟ್ಟು ನೀರನ್ನಷ್ಟೇ ತಡೆಯುವುದಿಲ್ಲ, ಮರಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಹಾಫ್ ಮೂನಿನ ದಕ್ಷಿಣಕ್ಕೆ, ತದಡಿಯ ಬಳಿ ಸಮುದ್ರ ಸೇರುವ ಅಘನಾಶಿನಿಗಾದರೋ ಇನ್ನೂ ದೊಡ್ಡ ಅಣೆಕಟ್ಟಿಲ್ಲ. ಶಿರಸಿ ಸೀಮೆಯಲ್ಲಿ ಹುಟ್ಟಿದ ಹೊಳೆ ತಾನು ಹೊತ್ತದ್ದನ್ನೆಲ್ಲ ಅಳಿವೆಯವರೆಗೆ ತರುತ್ತದೆ. ಅಲ್ಲಿನ ಬಳಚು ಚಿಪ್ಪು, ಗಜನಿ ಗದ್ದೆ, ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ ಎಲ್ಲವೂ ಆ ಹರಿವಿನ ಮಕ್ಕಳು. ಈ ಅಳಿವೆ 2024ರ ಜನವರಿಯಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಕಡಲತೀರದ ರಕ್ಷಣೆ ಎಂದರೆ ತೀರದಲ್ಲಿ ಕಲ್ಲು ಸುರಿಯುವುದು ಎಂದುಕೊಂಡವರು ಒಮ್ಮೆ ಶಿರಸಿಯ ಕಡೆಗೂ ಕತ್ತೆತ್ತಿ ನೋಡಬೇಕು.

ಈಗ ಕೊಲ್ಲಿಯ ಒಳಗೆ ಇಳಿಯೋಣ. ಇಳಿತದ ಹೊತ್ತು ಆಯ್ದುಕೊಂಡರೆ ಒಳ್ಳೆಯದು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಇಲ್ಲಿ ಭರತಕ್ಕೂ ಇಳಿತಕ್ಕೂ ಸುಮಾರು ಎರಡು ಮೀಟರಿನ ಅಂತರ. ಆ ಎರಡು ಮೀಟರಿನಲ್ಲಿ ಬಂಡೆಯ ಮೇಲೆ ಒಂದು ಬಹುಮಹಡಿ ಕಟ್ಟಡವೇ ತೆರೆದುಕೊಳ್ಳುತ್ತದೆ.

ಮೇಲ್ಮಹಡಿಯಲ್ಲಿ ಕಡಲೆಕಾಳಿನ ಗಾತ್ರದ ಬಸವನಹುಳುಗಳು. ನೀರಿನ ಹನಿ ಸಿಡಿದರೆ ಅದೇ ಹಬ್ಬ. ಉಳಿದ ಹೊತ್ತು ಲೋಳೆಯಿಂದ ಬಂಡೆಗೆ ಅಂಟಿಕೊಂಡು, ಬಾಗಿಲು ಮುಚ್ಚಿ ಕಾಯುತ್ತವೆ. ಅದರ ಕೆಳಗೆ ಬಿಳಿ ಗುಳ್ಳೆಗಳಂಥ ಬಾರ್ನಕಲ್‌ಗಳು. ನೋಡಲು ಚಿಪ್ಪುಜೀವಿಯಂತೆ ಇದ್ದರೂ ವಂಶದಲ್ಲಿ ಸಿಗಡಿ, ಏಡಿಗಳ ದಾಯಾದಿ. ಎಳವೆಯಲ್ಲಿ ಈಜಾಡಿ, ಒಂದು ಜಾಗ ಮೆಚ್ಚಿ, ತಲೆಯನ್ನೇ ಬಂಡೆಗೆ ಅಂಟಿಸಿಕೊಂಡು, ಬಾಕಿ ಜೀವನವೆಲ್ಲ ಕಾಲಿನಿಂದ ನೀರು ಕೆದಕಿ ಊಟ ಮಾಡುವ ಪ್ರಾಣಿ ಅದು. ಇನ್ನೂ ಕೆಳಗೆ ಕಲ್ವ. ಕರಾವಳಿಯ ಹೆಂಗಸರು ಇಳಿತದ ಹೊತ್ತಿನಲ್ಲಿ ಕಬ್ಬಿಣದ ಮೊನೆಯಿಂದ ಬಂಡೆಯ ಕಲ್ವ ಬಿಡಿಸಿ, ಮಾಂಸವನ್ನಷ್ಟೇ ಪಾತ್ರೆಗೆ ಹಾಕಿಕೊಂಡು ಬರುತ್ತಾರೆ. ಬರಿಗಾಲಲ್ಲಿ ಆ ಬಂಡೆಯ ಮೇಲೆ ನಡೆಯಲು ಹೋದ ಪ್ರವಾಸಿಗನಿಗೆ ಕಲ್ವದ ಅಂಚು ಎಷ್ಟು ಹರಿತ ಎಂಬುದು ವಾರಗಟ್ಟಲೆ ನೆನಪಿರುತ್ತದೆ. ಅದರ ಜೊತೆಗೇ ಮಂಗಳೂರಿನ ಕಡೆಯವರು ಪಚ್ಚಿಲೆ ಎನ್ನುವ ಹಸಿರು ಚಿಪ್ಪು, ಬಂಡೆಗೆ ನೂಲು ಕಟ್ಟಿಕೊಂಡು ಜೋತಾಡುತ್ತದೆ.

ಲಿಂಪೆಟ್ ಎಂಬ ಪುಟ್ಟ ಟೋಪಿಯಾಕಾರದ ಜೀವಿಯ ಶಿಸ್ತು ಇನ್ನೂ ಸೋಜಿಗದ್ದು. ನೀರೇರಿದಾಗ ಪಾಚಿ ಮೇಯಲು ಹೊರಡುತ್ತದೆ. ಮೇದಾದ ಮೇಲೆ ಅನೇಕ ಜಾತಿಯವು ಕರಾರುವಾಕ್ಕಾಗಿ ಹೊರಟ ಜಾಗಕ್ಕೇ ಮರಳುತ್ತವೆ, ಅದೂ ಮುಖ ಮೊದಲಿದ್ದ ದಿಕ್ಕಿಗೇ. ಚಿಪ್ಪಿನ ಅಂಚು ಬಂಡೆಯಲ್ಲಿ ತನ್ನದೇ ಅಳತೆಯ ಗುಳಿ ಮಾಡಿಕೊಂಡಿರುತ್ತದೆ. ಬೇರೆಡೆ ಕುಳಿತರೆ ಸಂದಿಯಿಂದ ನೀರು ಆರಿ ಸಾಯುತ್ತದೆ. ಕುತೂಹಲಕ್ಕೆಂದು ಒಂದನ್ನು ಕಿತ್ತು, ಫೋಟೋ ತೆಗೆದು, ಪಕ್ಕದ ಬಂಡೆಯ ಮೇಲೆ ಇಟ್ಟು ಹೋದವರು ಅದಕ್ಕೆ ಏನೂ ಕೆಡುಕು ಮಾಡಲಿಲ್ಲವೆಂದೇ ಭಾವಿಸಿರುತ್ತಾರೆ.

ಬಂಡೆಗಳ ನಡುವೆ ನೀರು ನಿಂತ ಗುಂಡಿಗಳಲ್ಲಿ ಕಡಲ ಹೂವು, ಸಣ್ಣ ಸಿಗಡಿ, ಕಲ್ಲಿನಿಂದ ಕಲ್ಲಿಗೆ ಜಿಗಿಯುವ ಮೀನಿನ ಮರಿಗಳು. ಮರಳಿನ ಮೇಲೆ ಸಾಸಿವೆಕಾಳಿನಷ್ಟು ಗಾತ್ರದ ಸಾವಿರಾರು ಉಂಡೆಗಳ ರಂಗೋಲಿ. ಅದು ಒಂದು ಜಾತಿಯ ಮರಳೇಡಿಯ ಕೈಚಳಕ. ಮರಳು ಬಾಯಿಗೆ ಹಾಕಿ, ಅದಕ್ಕಂಟಿದ ಆಹಾರ ಸೋಸಿಕೊಂಡು, ಉಳಿದದ್ದನ್ನು ಉಂಡೆ ಕಟ್ಟಿ ಹಿಂದಕ್ಕೆ ಎಸೆಯುತ್ತದೆ. ದಿನಕ್ಕೆರಡು ಸಲ ಭರತ ಬಂದು ರಂಗೋಲಿ ಅಳಿಸುತ್ತದೆ, ಏಡಿ ಬೇಸರಿಸದೆ ಮತ್ತೆ ಬಿಡಿಸುತ್ತದೆ. ದಂಡೆಯ ಮೇಲ್ಭಾಗದಲ್ಲಿ ಕಣ್ಣನ್ನು ಕಡ್ಡಿಯ ಮೇಲೆ ಇಟ್ಟುಕೊಂಡ ದೊಡ್ಡ ಏಡಿಯೊಂದಿದೆ, ಬಿಲದ ಬಾಯಲ್ಲಿ ನಿಂತು ನಮ್ಮನ್ನು ನೋಡಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ಇಂಗ್ಲಿಷಿನವರು ಅದಕ್ಕೆ ದೆವ್ವದ ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ನೆತ್ತಿಯ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದು ಸುತ್ತುತ್ತದೆ. ಎತ್ತರದ ಮರದಲ್ಲಿ ಕಟ್ಟಿದ ಗೂಡಿಗೆ ವರ್ಷ ವರ್ಷವೂ ಮರಳಿ, ಕಡ್ಡಿ ಸೇರಿಸಿ, ಗೂಡನ್ನು ಗಾಡಿಯಷ್ಟು ದಪ್ಪ ಮಾಡುವ ಹಕ್ಕಿ ಇದು. ತುಸು ಹೊರಗೆ, ಆಳ ಕಡಿಮೆಯಿರುವ ನೀರಿನಲ್ಲಿ ಬೆನ್ನ ಮೇಲೆ ಗೂನಿರುವ ಡಾಲ್ಫಿನ್‌ಗಳು. ಅವು ದಂಡೆ ಬಿಟ್ಟು ಬಹು ದೂರ ಹೋಗುವುದಿಲ್ಲ. ಬಲೆ, ಬಂದರು, ದೋಣಿ, ಹೊಲಸು, ಮನುಷ್ಯರ ಎಲ್ಲ ಉಪದ್ರವವೂ ಇರುವುದು ಅದೇ ಪಟ್ಟಿಯಲ್ಲಿ. ಹಿಂದೂ ಮಹಾಸಾಗರದ ಈ ಗೂನು ಡಾಲ್ಫಿನ್ ಜಾಗತಿಕ ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನದೆಂದು ದಾಖಲಾಗಿದೆ. ಡಾಲ್ಫಿನ್ ತೋರಿಸುತ್ತೇವೆಂದು ಹೊರಟ ನಾಲ್ಕೈದು ಮೋಟಾರು ದೋಣಿಗಳು ಒಂದೇ ತಾಯಿ-ಮರಿಯ ಸುತ್ತ ಸುತ್ತುವರಿದರೆ ನೋಡುವವರಿಗೆ ಸಂಭ್ರಮ. ಸದ್ದಿನಿಂದಲೇ ದಾರಿ, ಬೇಟೆ, ಬಳಗವನ್ನೆಲ್ಲ ಗುರುತಿಸುವ ಪ್ರಾಣಿಗೆ ಅದು ಮದುವೆಮನೆಯ ಮೈಕಿನೊಳಗೆ ಕಿವಿಯಿಟ್ಟಂತೆ.

ಆಲಿವ್ ರಿಡ್ಲೆ ಕಡಲಾಮೆಯ ಮಾತು ಬರದೆ ಕರಾವಳಿಯ ಲೇಖನ ಮುಗಿಯುವುದಿಲ್ಲ. ಆದರೆ ಇದ್ದದ್ದು ಇದ್ದಂತೆ ಹೇಳಬೇಕು: ಉತ್ತರ ಕನ್ನಡದಲ್ಲಿ ಆಮೆಗೆ ಇಷ್ಟವಾದದ್ದು ಇಂಥ ಚಿಕ್ಕ ಕೊಲ್ಲಿಗಿಂತ ಹೊನ್ನಾವರದ ಕಾಸರಕೋಡು ಟೊಂಕದಂಥ ತೆರೆದ ಮರಳು. ಒಡಿಶಾದಂತೆ ಇಲ್ಲಿ ಲಕ್ಷಗಟ್ಟಲೆ ಬರುವುದಿಲ್ಲ. ಚಳಿಗಾಲದ ರಾತ್ರಿಗಳಲ್ಲಿ ಒಂದೊಂದಾಗಿ ಬಂದು, ನೂರರ ಆಸುಪಾಸು ಮೊಟ್ಟೆಯಿಟ್ಟು, ಹೊಂಡ ಮುಚ್ಚಿ, ಹಿಂತಿರುಗಿ ನೋಡದೆ ಹೋಗುತ್ತವೆ. ನಲವತ್ತೈದರಿಂದ ಅರವತ್ತು ದಿನ ಮರಳೇ ತಾಯಿ. ಮರಳು ಬಿಸಿಯಾದಷ್ಟೂ ಹೆಣ್ಣುಮರಿ ಹೆಚ್ಚು, ತಂಪಾದರೆ ಗಂಡು. ಅರಣ್ಯ ಇಲಾಖೆಯವರು ಊರಿನ ಮೀನುಗಾರರ ನೆರವಿನಿಂದ ಗೂಡಿಗೆ ಬೇಲಿ ಕಟ್ಟಿ, ಮರಿಗಳನ್ನು ನೀರಿಗೆ ಬಿಡುತ್ತಾರೆ. ಕೂರ್ಮಾವತಾರವೆಂದು ಬಲೆಗೆ ಬಿದ್ದ ಆಮೆಯನ್ನು ಕೈಮುಗಿದು ಬಿಟ್ಟುಬಿಡುವ ಮೀನುಗಾರರು ಈ ಕರಾವಳಿಯಲ್ಲಿ ಹಿಂದಿನಿಂದಲೂ ಇದ್ದಾರೆ. ಮೊಟ್ಟೆಯೊಡೆದ ಮರಿ ನೀರಿನ ದಿಕ್ಕು ಹುಡುಕುವುದು ಬೆಳಕಿನಿಂದ. ಕತ್ತಲ ರಾತ್ರಿಯಲ್ಲಿ ಸಮುದ್ರದ ದಿಗಂತವೇ ಹೆಚ್ಚು ಹೊಳೆಯುತ್ತದೆ. ರೆಸಾರ್ಟಿನ ಸಾಲುದೀಪ ಅದಕ್ಕಿಂತ ಹೆಚ್ಚು ಹೊಳೆದರೆ ಮರಿ ನಡೆಯುವುದು ರೆಸಾರ್ಟಿಗೆ.

ಕಾಪಾಡಲು ಕಾನೂನಿಲ್ಲವೇ ಎಂದರೆ, ಇದೆ. 1981ರ ನವೆಂಬರಿನಲ್ಲಿ ಪ್ರಧಾನಿ ಇಂದಿರಾ ಗಾಂಧಿ ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಭರತದ ಗೆರೆಯಿಂದ 500 ಮೀಟರು ಜಾಗವನ್ನು ಕಟ್ಟಡಗಳಿಂದ ಮುಕ್ತವಾಗಿಡಿ ಎಂದಿದ್ದರು. ಅದಕ್ಕೆ ಕಾನೂನಿನ ರೂಪ ಸಿಕ್ಕಿದ್ದು ಹತ್ತು ವರ್ಷದ ಮೇಲೆ, 1991ರ ಫೆಬ್ರವರಿಯ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಲ್ಲಿ. ಜನರ ಬಾಯಲ್ಲಿ ಸಿಆರ್‌ಝಡ್. ಅದನ್ನು ಹಲವಾರು ಸಲ ತಿದ್ದಿ, 2011ರಲ್ಲಿ ಹೊಸದಾಗಿ ಬರೆದು, 2019ರ ಜನವರಿಯಲ್ಲಿ ಮತ್ತೊಮ್ಮೆ ಬರೆಯಲಾಯಿತು. ಗ್ರಾಮೀಣ ತೀರಕ್ಕೆ ಮೊದಲಿದ್ದ 200 ಮೀಟರಿನ ನಿರ್ಮಾಣ ನಿಷೇಧ ಈಗ ಜನದಟ್ಟಣೆಯ ಮೇಲೆ ನಿಂತಿದೆ. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವಲ್ಲಿ ಅದು 50 ಮೀಟರಿಗೆ ಇಳಿದಿದೆ. ಉಳಿದ ಕಡೆ 200.

ಆಮೆಯ ಮರಳು, ಕಾಂಡ್ಲಾವನ, ಹವಳ, ಮರಳದಿಬ್ಬಗಳಿಗೆ ಈ ಅಧಿಸೂಚನೆ ಅತಿ ಹೆಚ್ಚಿನ ರಕ್ಷಣೆಯ ದರ್ಜೆ ಕೊಟ್ಟಿದೆ. ಭರತ-ಇಳಿತಗಳ ನಡುವಿನ ಪಟ್ಟಿಗೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು. ಕಲ್ವ, ಲಿಂಪೆಟ್‌ಗಳ ಬಹುಮಹಡಿ ಬಂಡೆ ಬರುವುದು ಆ ಕೆಳಗಿನ ದರ್ಜೆಯಲ್ಲಿ. ಅದಿರಲಿ. ಈ ಕೊಲ್ಲಿಯ ಮಟ್ಟಿಗೆ ನಿಜವಾದ ತೊಡಕು ಗೆರೆಯನ್ನು ಎಲ್ಲಿಂದ ಅಳೆಯುತ್ತಾರೆ ಎಂಬುದರಲ್ಲಿದೆ. ಅಧಿಸೂಚನೆ ನೀರಿನ ಅಂಚಿನಿಂದ ನೆಲದ ಕಡೆಗೆ ಅಳೆಯುತ್ತದೆ. ಕೊಲ್ಲಿಯ ಜೀವ ಮಾತ್ರ ಗುಡ್ಡದಿಂದ ನೀರಿನ ಕಡೆಗೆ ಹರಿಯುತ್ತದೆ.

ಈ ಗುಡ್ಡದ ಮೈ ಜಂಬಿಟ್ಟಿಗೆ. ಅದಕ್ಕೆ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟವನು ಪ್ರವಾಸಿ ಫ್ರಾನ್ಸಿಸ್ ಬುಕಾನನ್. ಮಲಬಾರಿನ ಅಂಗಾಡಿಪುರದಲ್ಲಿ ಜನ ಇದನ್ನು ನೆಲದಿಂದಲೇ ಇಟ್ಟಿಗೆಯಂತೆ ಕಡಿದು ತೆಗೆಯುವುದನ್ನು ಕಂಡು ಲ್ಯಾಟಿನ್ನಿನ ಇಟ್ಟಿಗೆಯ ಪದದಿಂದ ಹೆಸರು ಕಟ್ಟಿದ, ಪ್ರಕಟವಾದದ್ದು 1807ರಲ್ಲಿ. ಅದೇ ಪ್ರವಾಸದಲ್ಲಿ, 1801ರಲ್ಲಿ, ಗೋಕರ್ಣಕ್ಕೂ ಬಂದುಹೋಗಿದ್ದ. ಜಂಬಿಟ್ಟಿಗೆಯ ಮೈತುಂಬ ರಂಧ್ರ. ಮಳೆಗಾಲದ ನೀರನ್ನು ಸ್ಪಂಜಿನಂತೆ ಹೀರಿ, ತಿಂಗಳುಗಟ್ಟಲೆ ಹಿಡಿದಿಟ್ಟು, ಬುಡದಲ್ಲಿ ಒರತೆಯಾಗಿ ಬಿಡುತ್ತದೆ. ಗೋಕರ್ಣದಲ್ಲಿ ಕಡಲ ಮಗ್ಗುಲಲ್ಲೇ ಸಿಹಿನೀರು ಸುರಿಯುವ ರಾಮತೀರ್ಥ ಅಂಥದ್ದೊಂದು ಒರತೆ. ಬಂಡೆಯ ಸಂದಿಯಲ್ಲಿ ಇಂಥ ಸಿಹಿನೀರು ಜಿನುಗುವಲ್ಲಿ ಪಾಚಿ, ಹುಳು, ಹಕ್ಕಿಗಳ ಒಂದು ಬೇರೆಯೇ ಸಂಸಾರ.

ಹೀರುವ ಮೈಗೆ ಮಳೆನೀರು, ಕೊಳಚೆ ಎಂಬ ಭೇದವಿಲ್ಲ. ಗುಡ್ಡದ ನೆತ್ತಿಯಲ್ಲಿ, ನಿಷೇಧದ ಗೆರೆಯ ಆಚೆಗೆ ಶಾಸ್ತ್ರೋಕ್ತವಾಗಿಯೇ ಕಟ್ಟಿದ ವಸತಿಗೃಹದ ಇಂಗುಗುಂಡಿಯ ನೀರೂ ಅದೇ ರಂಧ್ರಗಳಲ್ಲಿ ಇಳಿದು ಅದೇ ಒರತೆಯಲ್ಲಿ ಹೊರಬರುತ್ತದೆ. ರಸ್ತೆಗೆಂದು ಗುಡ್ಡ ಕಡಿದರೆ ಮೊದಲ ಮಳೆಗೇ ಕೆಂಪು ಮಣ್ಣು ಕೊಲ್ಲಿಗಿಳಿಯುತ್ತದೆ. ನೀರು ಸೋಸಿ ಬದುಕುವ ಕಲ್ವ, ಪಚ್ಚಿಲೆಗಳಿಗೆ ಕೆಸರು ಎಂದರೆ ಗಂಟಲಿಗೆ ಕಟ್ಟಿದ ಹಾಗೆ. ದಂಡೆಯಲ್ಲಿ ಒಂದು ಇಟ್ಟಿಗೆಯನ್ನೂ ಇಡದೆ ಕೊಲ್ಲಿಯನ್ನು ಮುಗಿಸಿಬಿಡಬಹುದು.

ರಸ್ತೆ ಬಂದಮೇಲೆ ಏನಾಗುತ್ತದೆಂದು ತಿಳಿಯಲು ಹವಾಯಿಯ ಓಹು ದ್ವೀಪಕ್ಕೆ ಹೋಗಬೇಕು. ಅಲ್ಲಿನ ಹನೌಮಾ ಕೊಲ್ಲಿ ಒಂದು ಹಳೆಯ ಜ್ವಾಲಾಮುಖಿಯ ಬಾಯಿ. ಒಂದು ಬದಿಯ ಗೋಡೆಯನ್ನು ಸಮುದ್ರ ಒಡೆದು ಒಳಗೆ ಬಂದಿದೆ. ಹವಳ, ಬಣ್ಣದ ಮೀನು, ಹಸಿರು ಕಡಲಾಮೆ ಎಲ್ಲವೂ ಮೊಣಕಾಲುದ್ದದ ನೀರಿನಲ್ಲಿ. 1967ರಲ್ಲಿ ಸಂರಕ್ಷಿತವೆಂದು ಘೋಷಿಸಿ ಮೀನು ಹಿಡಿಯುವುದನ್ನು ನಿಲ್ಲಿಸಿದರು. ಮೀನು ಹೆಚ್ಚಿತು, ಅದನ್ನು ನೋಡಲು ಜನ ಹೆಚ್ಚಿದರು. ಹೊನೊಲುಲು ನಗರ ಹತ್ತಿರ, ಕೊಲ್ಲಿಯ ಅಂಚಿನವರೆಗೂ ಒಳ್ಳೆಯ ರಸ್ತೆ. 1980ರ ದಶಕದ ಕೊನೆಯ ಹೊತ್ತಿಗೆ ದಿನಕ್ಕೆ ಹತ್ತು ಸಾವಿರದವರೆಗೂ ಜನ! ಹವಳದ ಮೇಲೆ ನಿಂತರು, ಮೀನಿಗೆ ಬ್ರೆಡ್ಡು ತಿನ್ನಿಸಿದರು, ಮೈಗೆ ಬಳಿದ ಎಣ್ಣೆಯ ಪೊರೆ ನೀರಿನ ಮೇಲೆ ತೇಲಿತು. ಬಲೆಯಿಂದ ಉಳಿದದ್ದು ಪ್ರೀತಿಯಿಂದ ಸಾಯತೊಡಗಿತು.

ಅವರು ಕಂಡುಕೊಂಡ ಉಪಾಯ ನೀರಿನಲ್ಲಿರಲಿಲ್ಲ, ಮೇಲೆ ವಾಹನ ನಿಲ್ಲಿಸುವ ಜಾಗದಲ್ಲಿತ್ತು. 1990ರಿಂದ ಪ್ರವಾಸಿ ಬಸ್ಸುಗಳಿಗೆ ಕಡಿವಾಣ ಹಾಕಿದರು. ಪಾರ್ಕಿಂಗ್ ತುಂಬಿದರೆ ಮುಂದಿನ ಕಾರಿಗೆ ವಾಪಸು ಹೋಗುವ ದಾರಿ ತೋರಿಸಿದರು. ಕೊಲ್ಲಿಗೂ ವಾರದ ರಜೆ ಕೊಟ್ಟರು. 2002ರಲ್ಲಿ ಶಿಕ್ಷಣ ಕೇಂದ್ರ ಕಟ್ಟಿ, ಎಲ್ಲಿ ಕಾಲಿಡಬಾರದೆಂಬ ಕಿರುಚಿತ್ರ ನೋಡದೆ ಯಾರೂ ಇಳಿಯದಂತೆ ಮಾಡಿದರು. ಕೋವಿಡ್ಡಿನಲ್ಲಿ ತಿಂಗಳುಗಟ್ಟಲೆ ಮುಚ್ಚಿ, 2020ರ ಡಿಸೆಂಬರಿನಲ್ಲಿ ಮತ್ತೆ ತೆರೆದಾಗ ದಿನಕ್ಕೆ 720 ಜನಕ್ಕಷ್ಟೇ ಪ್ರವೇಶ. ಆಮೇಲೆ ಸ್ವಲ್ಪ ಸಡಿಲಿಸಿದರು. ಇಷ್ಟೆಲ್ಲ ಕಾವಲುಗಾರರು, ಟಿಕೇಟು, ಚಲನಚಿತ್ರ ಸೇರಿ ಅಲ್ಲಿ ಮಾಡುತ್ತಿರುವ ಕೆಲಸವನ್ನು ಗೋಕರ್ಣದಲ್ಲಿ ಒಂದು ಏರುದಾರಿ ಸಂಬಳವಿಲ್ಲದೆ ಮಾಡಿಕೊಂಡು ಬಂದಿದೆ.

ಗುಡ್ಡಕ್ಕೆ ತಡೆಯಲಾಗದವೂ ಇವೆ. ಮೇ ತಿಂಗಳಿನಲ್ಲಿ ಗಾಳಿ ದಿಕ್ಕು ಬದಲಿಸಿದಾಗ ಅರಬ್ಬಿ ಸಮುದ್ರದಿಂದ ಡಾಂಬರಿನ ಉಂಡೆಗಳು ತೇಲಿಬಂದು ಗೋವಾ, ಕಾರವಾರ, ಗೋಕರ್ಣದ ತೀರಗಳಿಗೆ ಅಂಟುತ್ತವೆ. ಹಡಗುಗಳು ದೂರದಲ್ಲಿ ಚೆಲ್ಲಿದ ಎಣ್ಣೆ ಬಿಸಿಲಿಗೆ ಗಟ್ಟಿಯಾದದ್ದು. ಹರಿದ ನೈಲಾನ್ ಬಲೆಗಳು ಬಂಡೆಗೆ ಸುತ್ತಿಕೊಂಡು, ಹಿಡಿಯುವವರಿಲ್ಲದಿದ್ದರೂ ಮೀನು ಹಿಡಿಯುತ್ತಲೇ ಇರುತ್ತವೆ. 2021ರ ಮೇ ತಿಂಗಳಿನ ತೌಕ್ತೆ ಚಂಡಮಾರುತ ತೋರಿಸಿದಂತೆ ಅರಬ್ಬಿ ಸಮುದ್ರವೂ ಈಗ ಮುಂಚಿನಷ್ಟು ಸೌಮ್ಯವಲ್ಲ. ನೀರಿನ ಮಟ್ಟ ಏರಿದರೆ ಬಯಲು ತೀರ ಹಿಂದಕ್ಕೆ ಸರಿಯಬಹುದು. ಬೆನ್ನಿಗೆ ಬಂಡೆ ಒತ್ತಿಕೊಂಡ ಕೊಲ್ಲಿಗೆ ಸರಿಯಲು ಜಾಗವೇ ಇಲ್ಲ.

ಆಗ ತಡೆಗೋಡೆ ಕಟ್ಟಿ ಎಂಬ ಕೂಗು ಏಳುತ್ತದೆ. ಕಡಲ್ಕೊರೆತ ಎಂದೊಡನೆ ಲಾರಿಗಟ್ಟಲೆ ಕಲ್ಲು ಸುರಿಯುವುದು ಕರಾವಳಿಯ ಪ್ರತಿ ಮಳೆಗಾಲದ ಆಚರಣೆ. ಹಿಂದೆ ಮನೆಗಳಿದ್ದರೆ ಅದನ್ನು ಬೇಡವೆನ್ನುವುದು ಸುಲಭವಲ್ಲ. ಆದರೆ ಗೋಡೆಗೆ ಬಡಿದ ತೆರೆ ಅಷ್ಟೇ ರಭಸದಲ್ಲಿ ಹಿಂದಿರುಗಿ ಗೋಡೆಯ ಬುಡದ ಮರಳನ್ನೇ ಎಳೆದೊಯ್ಯುತ್ತದೆ. ಗೋಡೆ ಉಳಿಯುತ್ತದೆ, ಬೀಚು ಹೋಗುತ್ತದೆ. ಗಾಳಿಮರದ ಸಾಲೂ ಸರ್ವರೋಗದ ಮದ್ದಲ್ಲ. 1860ರ ದಶಕದ ಕೊನೆಯಲ್ಲಿ ಕಾರವಾರದ ಬಳಿ ನೆಟ್ಟು ಬೆಳೆಸಿದ ಈ ಹೊರನಾಡಿನ ಮರ ಗಾಳಿಯನ್ನೇನೋ ತಡೆಯುತ್ತದೆ. ನೀರಿನ ಅಂಚಿಗೇ ನೆಟ್ಟರೆ ಅದರ ಬೇರು ಆಮೆಗೆ ಹೊಂಡ ತೋಡಲು ಬಿಡುವುದಿಲ್ಲ.

ಮರಳನ್ನು ಹಿಡಿಯುವ ಕಸುಬು ಗೊತ್ತಿರುವವರು ಬೇರೆ ಇದ್ದಾರೆ. ದಂಡೆಯ ಮೇಲ್ಭಾಗದಲ್ಲಿ ನೇರಳೆ ಹೂ ಬಿಡುತ್ತ ಹರಿಯುವ ಅಡುಂಬು ಬಳ್ಳಿ, ಮುಳ್ಳಿನ ಚೆಂಡಿನಂಥ ತೆನೆಯನ್ನು ಗಾಳಿಗೆ ಉರುಳಿಸುವ ರಾವಣನ ಮೀಸೆ ಹುಲ್ಲು, ಇಳಿಜಾರಿನ ಮುಂಡುಗ. ಗಾಳಿ ತಂದ ಮರಳು ಈ ಬಳ್ಳಿ-ಹುಲ್ಲುಗಳಲ್ಲಿ ಸಿಕ್ಕಿ ದಿಬ್ಬವಾಗುತ್ತದೆ. ಮುಚ್ಚಿಹೋದರೆ ಅವು ಮತ್ತೆ ಮೇಲಕ್ಕೆ ಬೆಳೆಯುತ್ತವೆ. ಆತ್ಮಲಿಂಗ ಕಳೆದುಕೊಂಡ ರಾವಣ ಗೋಕರ್ಣದಲ್ಲಿ ಮೀಸೆಯನ್ನಾದರೂ ಬಿಟ್ಟುಹೋದ ಎಂದು ತಮಾಷೆ ಮಾಡಬಹುದು. ಬೀಚು ಚೊಕ್ಕಟ ಮಾಡುತ್ತೇವೆಂದು ಹೊರಟವರು ಪ್ಲಾಸ್ಟಿಕ್ಕಿನ ಜೊತೆಗೆ ಕಿತ್ತೆಸೆಯುವುದೂ ಇದೇ ಬಳ್ಳಿಯನ್ನು.

ಜೂನ್ ಹತ್ತಿರವಾದಂತೆ ದಂಡೆಯ ಬೆರಳೆಣಿಕೆಯ ಗುಡಿಸಲುಗಳ ಗರಿ ಇಳಿಯುತ್ತದೆ. ಜೂನ್ ಒಂದರಿಂದ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ಎರಡು ತಿಂಗಳು ರಜೆ. ಕಾಲುದಾರಿಯ ಜಂಬಿಟ್ಟಿಗೆ ಪಾಚಿಗಟ್ಟಿ ಜಾರತೊಡಗುತ್ತದೆ, ಬರುವವರು ಇರುವುದಿಲ್ಲ. ಅರ್ಧಚಂದ್ರ ಒಂದೊಂದೇ ಕಲೆ ಕಳೆದುಕೊಂಡು, ಮರಳೆಲ್ಲ ನೀರಿನಡಿಗೆ ಹೋಗಿ, ಕಲ್ಲುಗುಂಡುಗಳ ಅಮಾವಾಸ್ಯೆ. ಅಕ್ಟೋಬರಿನಲ್ಲಿ ಓಂ ಬೀಚಿನ ಕಡೆಯಿಂದ ವರ್ಷದ ಮೊದಲ ಪ್ರವಾಸಿ ದೋಣಿ ಬರುವ ಹೊತ್ತಿಗೆ ಮರಳು ಮುಕ್ಕಾಲು ಪಾಲು ಮನೆ ಸೇರಿರುತ್ತದೆ, ಕಡ್ಡಿಗಣ್ಣಿನ ಏಡಿಗಳು ಬಿಲ ತೋಡಿ ಮುಗಿಸಿ ಬಾಗಿಲಲ್ಲಿ ನಿಂತಿರುತ್ತವೆ.